ಯೂರಿಯಾ 40: ನಿದ್ದೆಗೆಟ್ಟ ಎಂಜಿನಿಯರ್ ಒಬ್ಬರ ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದದ್ದು. ಕಂಪನಿ, ಆಸ್ಪತ್ರೆ, ಮನೆ, ವಯಸ್ಸು, ಅಂಕಿಗಳಲ್ಲಿ ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಲಾಗಿದೆ.)

ಸಲಹಾರ್ಥಿ 28 ವರ್ಷದ ಹೆಣ್ಣುಮಗಳು. ಕಲಬುರಗಿಯಲ್ಲೇ ಬಿ.ಇ. ಓದಿ, ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು, ಹತ್ತು ತಿಂಗಳ ಹಿಂದೆ ಮೂವತ್ತು ಮಂದಿಯ ಹೆಲ್ತ್‌ಕೇರ್ ಸ್ಟಾರ್ಟಪ್ ಒಂದನ್ನು ಸೇರಿದ್ದರು. ಕಂಪನಿ ಇರುವುದು ಬೆಂಗಳೂರಿನಲ್ಲಿ. ಇವರು ಕಲಬುರಗಿಯ ಮನೆಯಿಂದಲೇ ಕೆಲಸ ಮಾಡುತ್ತ, ವಾರಕ್ಕೆ ಒಂದೆರಡು ದಿನ ಯಾದಗಿರಿ, ಶಹಾಪುರ, ಬೀದರ್ ಕಡೆಯ ನರ್ಸಿಂಗ್ ಹೋಂಗಳಿಗೆ ಹೋಗಿ ಬರುತ್ತಾರೆ. ಲ್ಯಾಬಿನ ಯಂತ್ರ ಉಗುಳುವ ಫಲಿತಾಂಶವನ್ನು ಹಿಡಿದು, ರೋಗಿಯ ಹೆಸರಿಗೆ ಜೋಡಿಸಿ, ಡಾಕ್ಟರ ಮೊಬೈಲಿಗೆ ಮುಟ್ಟಿಸುವ ಸಾಫ್ಟ್‌ವೇರ್ ಅವರದು.

‘ನಿದ್ದಿನೇ ಹತ್ತವಲ್ದ್ರಿ ಮೇಡಂ. ಹತ್ತಿತು ಅನ್ನೂದ್ರಾಗ ಫೋನ್ ಬಾರ್ಸಿದಂಗ ಆಗ್ತದ. ಎದ್ದು ನೋಡಿದ್ರ ಏನೂ ಇರಂಗಿಲ್ಲ’ ಎಂದು ಮಾತು ಶುರುವಾಯಿತು. ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ರಾತ್ರಿ ಎರಡಕ್ಕೆ ಎದ್ದು ಲ್ಯಾಪ್‌ಟಾಪ್ ತೆರೆಯುವುದು ಒಂದೂವರೆ ತಿಂಗಳಿಂದ ನಡೆದಿತ್ತು. ಮನೆಯವರು ಕೊಟ್ಟ ಪರಿಹಾರ ಲಗ್ನ. ಪರಿಚಯದ ಮೆಡಿಕಲ್ ಅಂಗಡಿಯವರು ಕೊಟ್ಟದ್ದು ಆತಂಕ ತಗ್ಗಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಂ ಅರ್ಧ ಗುಳಿಗೆ. ಗುಳಿಗೆ ತೆಗೆದುಕೊಂಡ ರಾತ್ರಿ ಒಂದು ಆಸ್ಪತ್ರೆಯ ಕರೆ ಕೇಳಿಸದೇ ಹೋಯಿತು. ಅಲ್ಲಿಂದ ನಿದ್ದೆ ಬಂದರೂ ಭಯ, ಬರದಿದ್ದರೂ ಭಯ.

ಹಿಂದೆ ಏನು ನಡೆದಿತ್ತು ಎಂಬುದು ಎರಡನೆಯ ಭೇಟಿಯಲ್ಲಿ ಹೊರಬಂತು. ಅದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಈ ಪ್ರಕರಣದ ತಿರುಳು ಅಲ್ಲಿದೆ.

ಒಂದು ನರ್ಸಿಂಗ್ ಹೋಂ ತನ್ನ ಹಳೆಯ ಬಯೋಕೆಮಿಸ್ಟ್ರಿ ಯಂತ್ರ ತೆಗೆದು ಹೊಸದು ತಂದಿತ್ತು. ಮಾರನೆಯ ದಿನವೇ ಸಾಫ್ಟ್‌ವೇರಿಗೆ ಜೋಡಿಸಬೇಕೆಂದು ಸೇಲ್ಸ್ ವಿಭಾಗದ ಒತ್ತಡ. ಇವರು ರಾತ್ರಿ ಹನ್ನೊಂದಕ್ಕೆ ಮನೆಯಿಂದಲೇ ಹೊಸ ಯಂತ್ರದ ಕೋಡ್‌ಗಳನ್ನು ಹಳೆಯ ಪರೀಕ್ಷೆಗಳ ಹೆಸರಿಗೆ ಹೊಂದಿಸಿ ಚಾಲೂ ಮಾಡಿದರು. ಹಳೆಯ ಯಂತ್ರ ಕೊಡುತ್ತಿದ್ದದ್ದು ಯೂರಿಯಾ, ಅಂದರೆ ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ತ್ಯಾಜ್ಯದ ಲೆಕ್ಕ. ಹೊಸದು ಕೊಡುತ್ತಿದ್ದದ್ದು ಬಿಯುಎನ್, ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಎರಡರ ಅಳತೆಯೂ ಡೆಸಿಲೀಟರಿಗೆ ಮಿಲಿಗ್ರಾಂ. ಯೂರಿಯಾದ ಅಣುತೂಕ 60, ಅದರಲ್ಲಿ ನೈಟ್ರೋಜನ್ನಿನ ಪಾಲು 28. ಹಾಗಾಗಿ ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಗುಣಾಕಾರವಿಲ್ಲದೆ ಬಿಯುಎನ್ 40 ಎಂಬುದು ‘ಯೂರಿಯಾ 40’ ಎಂದು ಅಚ್ಚಾಯಿತು. ನಿಜವಾದ ಯೂರಿಯಾ 86ರ ಹತ್ತಿರ. ಯೂರಿಯಾದ ಸಾಮಾನ್ಯ ಮಿತಿ ಹೆಚ್ಚುಕಡಿಮೆ 15ರಿಂದ 40. ಅಂದರೆ ಕಿಡ್ನಿ ಸೋಲುತ್ತಿರುವ ರೋಗಿ ಕಾಗದದ ಮೇಲೆ ಆರೋಗ್ಯವಂತ.

ಕಿಡ್ನಿಯದೇ ಇನ್ನೊಂದು ಪರೀಕ್ಷೆಯಾದ ಕ್ರಿಯಾಟಿನಿನ್‌ನಲ್ಲಿ ಇಂಥ ತಪ್ಪಾದರೆ ತಕ್ಷಣ ಸಿಕ್ಕಿಬೀಳುತ್ತದೆ. ಮೈಕ್ರೋಮೋಲ್ ಲೆಕ್ಕದ 97 ಎಂಬ ಸಂಖ್ಯೆ ಮಿಲಿಗ್ರಾಂ ಲೆಕ್ಕದ 1.1 ಇರಬೇಕಾದ ಜಾಗದಲ್ಲಿ ಕೂತರೆ ಕಾಂಪೌಂಡರೂ ನಗುತ್ತಾನೆ. ಯೂರಿಯಾದ ತಪ್ಪು ನಂಬಲರ್ಹ ಸಂಖ್ಯೆಯಾಗಿ ಬರುತ್ತದೆ. ಇದರ ಮೇಲೆ ಕಂಪನಿಯ ಇನ್ನೊಂದು ಸೌಲಭ್ಯವಿತ್ತು: ಫಲಿತಾಂಶ ಸಾಮಾನ್ಯ ಮಿತಿಯೊಳಗಿದ್ದರೆ ಲ್ಯಾಬಿನವರ ಒಪ್ಪಿಗೆಗೆ ಕಾಯದೆ ತಾನಾಗಿ ಡಾಕ್ಟರಿಗೆ ಹೋಗುವುದು. ಹೆಚ್ಚು ಬಂದದ್ದನ್ನು ಮಾತ್ರ ಮನುಷ್ಯ ನೋಡುತ್ತಾನೆ. ಸುಳ್ಳು ಸಾಮಾನ್ಯವನ್ನು ಯಾರೂ ನೋಡುವುದಿಲ್ಲ. ಮಾರನೆಯ ದಿನ ಮಧ್ಯಾಹ್ನ ಒಬ್ಬ ಹಿರಿಯ ವೈದ್ಯರು, ಕ್ರಿಯಾಟಿನಿನ್ 3.1 ಇರುವವನ ಯೂರಿಯಾ 40 ಹೇಗಾದೀತು ಎಂದು ಲ್ಯಾಬಿಗೆ ಫೋನ್ ಹಚ್ಚಿದ್ದರಿಂದ ತಪ್ಪು ಸಿಕ್ಕಿತು. ಅಷ್ಟರಲ್ಲಿ 23 ವರದಿ ಹೊರಟುಹೋಗಿದ್ದವು. ಇವರು ಹತ್ತು ನಿಮಿಷದಲ್ಲಿ ಕೋಡ್ ತಿದ್ದಿದರು. ಮೇಲಿನವರು, ‘ಯಾರೂ ದೂರು ಕೊಟ್ಟಿಲ್ಲ, ಕೆದಕೋದು ಬೇಡ’ ಎಂದರು.

ಇಂಥ ಸಲಹಾರ್ಥಿ ಬಂದಾಗ ಆಪ್ತಸಲಹೆಗಾರರು ಸುಲಭವಾಗಿ ಬೀಳುವ ಹಳ್ಳವೊಂದಿದೆ. ಭಯವನ್ನು ರೋಗಲಕ್ಷಣವೆಂದಷ್ಟೇ ಹಿಡಿದು, ಉಸಿರಾಟ ಹೇಳಿಕೊಟ್ಟು, ‘ನೀವು ಎಲ್ಲವನ್ನೂ ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತೀರಿ’ ಎಂದು ಸಮಾಧಾನ ಹೇಳುವುದು. ಈ ಪ್ರಕರಣದಲ್ಲಿ ಭಯದ ಒಂದು ಭಾಗ ಸರಿಯಾಗಿಯೇ ಇತ್ತು. 23 ರೋಗಿಗಳ ಕೈಯಲ್ಲಿ ತಪ್ಪು ಕಾಗದ ಇನ್ನೂ ಇತ್ತು. ಹಾಗಾಗಿ ‘ನಿಮಗೆ ಹೇಗನಿಸುತ್ತದೆ’ ಎಂಬುದಕ್ಕಿಂತ ಮುಂಚೆ ‘ಆ ವರದಿಗಳು ಈಗ ಎಲ್ಲಿವೆ’ ಎಂದು ಕೇಳಲಾಯಿತು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಒಂದೂವರೆ ತಿಂಗಳಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂದರು. ಅಪಾಯ ಇನ್ನೂ ಚಾಲ್ತಿಯಲ್ಲಿರುವಾಗ ಮನಸ್ಸನ್ನು ಶಾಂತಗೊಳಿಸುವುದು ನಮ್ಮ ಪ್ರಕಾರ ಸಲಹೆಯೇ ಅಲ್ಲ.

ಅಳತೆಗಳು ಹೀಗಿದ್ದವು. ಆತಂಕ ಅಳೆಯುವ ಪ್ರಶ್ನಾವಳಿ ಜಿಎಡಿ-7ರಲ್ಲಿ 21ಕ್ಕೆ 16. ಅದರಲ್ಲಿ 15 ಮುಟ್ಟಿದರೆ ತೀವ್ರ. ಖಿನ್ನತೆಯ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 11, ಮಧ್ಯಮ. ಸಾವಿನ ಯೋಚನೆಯ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಆದರೂ ಅದನ್ನು ಬಾಯಿಬಿಟ್ಟು ಪ್ರತ್ಯೇಕವಾಗಿ ಕೇಳಲಾಯಿತು. ರಕ್ತ ಪರೀಕ್ಷೆಗೆ ಕಳಿಸಿದಾಗ ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಇರಬೇಕು. ಎದೆ ಹೊಡೆದುಕೊಳ್ಳುವುದರಲ್ಲಿ ರಕ್ತಹೀನತೆಯ ಪಾಲೂ ಇತ್ತು, ದಿನಕ್ಕೆ ಏಳೆಂಟು ಕಪ್ ಚಹಾದ ಪಾಲೂ ಇತ್ತು. ಕಬ್ಬಿಣದ ಗುಳಿಗೆ ಫಿಸಿಶಿಯನ್ ಬರೆದರು. ಚಹಾ ಮಧ್ಯಾಹ್ನ ಎರಡರ ಮೇಲೆ ಬಂದ್. ಆಲ್ಪ್ರಜೋಲಾಂ ಔಷಧ ನಿಯಮಗಳ ಷೆಡ್ಯೂಲ್ ಎಚ್1ರ ಪಟ್ಟಿಯಲ್ಲಿರುವ ಔಷಧ, ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ. ಇವರು ತೆಗೆದುಕೊಂಡದ್ದು ನಾಲ್ಕೈದು ಸಲ ಮಾತ್ರವಾದ್ದರಿಂದ ನಿಲ್ಲಿಸುವುದು ಕಷ್ಟವಾಗಲಿಲ್ಲ. ವಾರಗಟ್ಟಲೆ ದಿನಾ ನುಂಗಿದವರು ಒಮ್ಮೆಲೇ ಬಿಡಬಾರದು, ಮನೋವೈದ್ಯರ ಕಣ್ಣಳತೆಯಲ್ಲೇ ಇಳಿಸಬೇಕು.

ಮೊದಲ ಸಲಹೆ: ಪತ್ರ

ಕಂಪನಿಯ ಮುಖ್ಯಸ್ಥರಿಗೂ ಅಲ್ಲಿ ವೈದ್ಯಕೀಯ ಸಲಹೆಗಾರರಾಗಿರುವ ಡಾಕ್ಟರಿಗೂ ಒಂದೇ ಇಮೇಲ್ ಕಳಿಸಲು ಹೇಳಲಾಯಿತು. ಅವರು ಬರೆದುಕೊಂಡು ಬಂದ ಮೊದಲ ಕರಡು ಎರಡು ಪುಟವಿತ್ತು, ಅದರಲ್ಲಿ ಮುಕ್ಕಾಲು ಭಾಗ ಕ್ಷಮೆ. ಅದನ್ನು ಬದಿಗಿಟ್ಟು ಬೇಕಾದ್ದಷ್ಟೇ ಬರೆಸಲಾಯಿತು: ಯಾವ ಯಂತ್ರ, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಪರೀಕ್ಷೆ, ತಪ್ಪು ಏನು, ಗುಣಿಸಬೇಕಾದ ಸಂಖ್ಯೆ, ಸ್ಯಾಂಪಲ್ ನಂಬರುಗಳು. ರೋಗಿಗಳ ಹೆಸರು ಬೇಡ. ಕೊನೆಗೆ ಒಂದು ಬೇಡಿಕೆ: ಲ್ಯಾಬಿನ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ, ‘ತಿದ್ದಿದ ವರದಿ’ ಎಂದು ಗುರುತು ಹಾಕಿ ಮರಳಿ ಕೊಡಿಸಬೇಕು, ಯೂರಿಯಾ ನಿಜಕ್ಕೂ ಹೆಚ್ಚಿದ್ದವರ ಡಾಕ್ಟರಿಗೆ ಫೋನ್ ಹೋಗಬೇಕು. ತಿದ್ದಿದ ವರದಿ ತಿದ್ದಿದ್ದೆಂದು ಕಾಣಬೇಕೆಂಬುದು ಲ್ಯಾಬುಗಳ ಗುಣಮಟ್ಟದ ಐಎಸ್‌ಒ 15189ರಲ್ಲೇ ಇದೆ, ಹೊಸ ಬೇಡಿಕೆಯೇನಲ್ಲ.

ಅವರಿಗಿದ್ದ ಅಂಜಿಕೆ ನೌಕರಿಯದು. ಅದಕ್ಕೆ ಸಲಹೆ ಹೀಗಿತ್ತು: ಮೊದಲ ಹೆಜ್ಜೆ ಕಂಪನಿಯೊಳಗೇ ಇರಲಿ. ವಾಟ್ಸಾಪ್ ಗುಂಪಿನಲ್ಲಿ ಹಾಕುವುದು, ಹೊರಗಿನವರಿಗೆ ಹೇಳಿಕೊಳ್ಳುವುದು ಬೇಡ; ಒಪ್ಪಂದದ ಗೋಪ್ಯತೆಯ ಷರತ್ತು ಅಲ್ಲಿ ಕಾಲಿಗೆ ತೊಡರುತ್ತದೆ. ಎರಡು ದಿನ ಉತ್ತರ ಬಾರದಿದ್ದರೆ ಅದೇ ಇಮೇಲಿಗೆ ನೆನಪಿನ ಸಾಲು. ಆಗಲೂ ಕದಲದಿದ್ದರೆ ಲ್ಯಾಬಿನ ಮುಖ್ಯಸ್ಥರಿಗೆ ‘ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಯೂರಿಯಾ ತಪ್ಪು ಬಂದಿದೆ, ಯಂತ್ರದ ಪ್ರಿಂಟಿನೊಡನೆ ತಾಳೆ ನೋಡಿ’ ಎಂದು ತಿಳಿಸುವುದು. ರೋಗಿಯ ವಿಷಯ ಬಂದಾಗ ಕಂಪನಿಯ ಮುಲಾಜು ಆಮೇಲಿನದು. ಈ ಮಾತನ್ನು ಮೆತ್ತಗೆ ಹೇಳುವ ಅಗತ್ಯ ನಮಗೆ ಕಾಣಲಿಲ್ಲ.

ಭಯಗಳ ವಹಿ

ಪತ್ರ ಹೋದ ಮೇಲೂ ಭಯ ಉಳಿದಿತ್ತು, ಆದರೆ ಅದರ ಚಹರೆ ಬದಲಾಗಿತ್ತು. ಈಗ ಅದು ‘ಆಗಿದ್ದು’ ಅಲ್ಲ, ‘ಆದರೆ?’. ದಿನಾ ಸಂಜೆ ಆರೂವರೆಗೆ ಇಪ್ಪತ್ತು ನಿಮಿಷ ಕೂತು, ತಲೆಗೆ ಬರುವ ಪ್ರತಿ ಭಯವನ್ನೂ ಕಾಗದಕ್ಕೆ ಇಳಿಸಿ, ಎದುರಿಗೆ ಎರಡು ಕಲಂ ತುಂಬಲು ಹೇಳಲಾಯಿತು: ಇದಕ್ಕೆ ತಡೆ ಏನು, ಆ ತಡೆ ಯಾರ ಕೈಯಲ್ಲಿದೆ. ಹಾಸಿಗೆಯಲ್ಲಿ ಬರೆಯಬಾರದು. ರಾತ್ರಿ ಬಂದ ಭಯಕ್ಕೆ ಒಂದೇ ಶಬ್ದ ಗೀಚಿ ನಾಳೆ ಸಂಜೆಗೆ ತಳ್ಳಬೇಕು.

ವಹಿ ತುಂಬಿದಂತೆ ಕಂಡದ್ದು, ಅವರ ಬಹುತೇಕ ಭಯಗಳು ಪೊಳ್ಳಲ್ಲ ಎಂಬುದು. ಕರೆಂಟು ಹೋಗಿ ಬಂದಾಗ ಒಳಗಿನ ಬ್ಯಾಟರಿ ಸತ್ತ ಯಂತ್ರದ ಗಡಿಯಾರ ಹಳೆಯ ತಾರೀಖಿಗೆ ಹೋಗುತ್ತದೆ, ಇಂದಿನ ಫಲಿತಾಂಶ ಹಳೆಯದೆಂದು ದಾಖಲಾಗುತ್ತದೆ. ಲಿಂಕ್ ಮರಳಿದಾಗ ಯಂತ್ರ ಅದೇ ಫಲಿತಾಂಶ ಎರಡನೇ ಸಲ ಕಳಿಸುತ್ತದೆ. ಇನ್ನು ಹೆಸರುಗಳು: ಈ ಭಾಗದ ಒಂದು ಒಪಿಡಿಯಲ್ಲಿ ಮಲ್ಲಮ್ಮ, ಶರಣಪ್ಪ ಅನ್ನುವವರು ಒಂದೇ ದಿನ ನಾಲ್ಕು ಮಂದಿ ಬರಬಹುದು, ಆಧಾರಿನಲ್ಲಿ ಹಲವರ ಹುಟ್ಟಿದ ದಿನ ಜನವರಿ 1 ಅಥವಾ ಜೂನ್ 1. ಹೆಸರು-ಜನ್ಮದಿನ ನೋಡಿ ರೋಗಿಯನ್ನು ಜೋಡಿಸುವ ಸಾಫ್ಟ್‌ವೇರ್ ಬೆಂಗಳೂರಿನಲ್ಲಿ ನಡೆದೀತು, ಇಲ್ಲಿ ಎಡವುತ್ತದೆ. ಟ್ಯೂಬಿನ ಮೇಲಿನ ಬಾರ್‌ಕೋಡೇ ಗತಿ.

ಇವುಗಳಿಗೆಲ್ಲ ತಡೆ ಇದೆ. ಯಂತ್ರದ ತಾರೀಖು ಸರ್ವರಿನ ತಾರೀಖಿಗಿಂತ ಹದಿನೈದು ನಿಮಿಷ ಸರಿದಿದ್ದರೆ ಫಲಿತಾಂಶ ತಡೆದು ನಿಲ್ಲಿಸುವುದು. ಸ್ಯಾಂಪಲ್ ನಂಬರು, ಪರೀಕ್ಷೆ, ಸಮಯ ಮೂರೂ ಒಂದೇ ಇದ್ದರೆ ಎರಡನೆಯದನ್ನು ಬಿಡುವುದು. ಹೊಸ ಯಂತ್ರವಾದರೆ ಕನಿಷ್ಠ ಇಪ್ಪತ್ತು ಸ್ಯಾಂಪಲ್, ಅವುಗಳಲ್ಲಿ ಬೇಕೆಂದೇ ಆರಿಸಿದ ಅಸಹಜ ಫಲಿತಾಂಶಗಳೂ ಇರುವಂತೆ, ಯಂತ್ರದ ಸ್ವಂತ ಪ್ರಿಂಟಿನ ಜೊತೆ ಪರೀಕ್ಷೆಯ ಹೆಸರು, ಅಳತೆ, ಮಿತಿ, ಸಂಖ್ಯೆ ನಾಲ್ಕನ್ನೂ ತಾಳೆ ನೋಡಿ, ಲ್ಯಾಬ್ ಟೆಕ್ನಿಷಿಯನ್ ಮತ್ತು ಎಂಜಿನಿಯರ್ ಇಬ್ಬರೂ ಸಹಿ ಹಾಕುವುದು. ಅಲ್ಲಿಯವರೆಗೆ ತಾನಾಗಿ ಹೋಗುವ ಸೌಲಭ್ಯ ಬಂದ್. ಸಂಜೆ ನಾಲ್ಕರ ಮೇಲೆ, ಶನಿವಾರ, ಹಬ್ಬದ ಹಿಂದಿನ ದಿನ ಹೊಸದೇನನ್ನೂ ಚಾಲೂ ಮಾಡದಿರುವುದು. ಇವೆಲ್ಲ ಅವರೇ ಬರೆದ ಉತ್ತರಗಳು. ಅವರಿಗೆ ಕೆಲಸ ಗೊತ್ತಿತ್ತು. ಗೊತ್ತಿದ್ದದ್ದು ರಾತ್ರಿ ಎರಡು ಗಂಟೆಗೆ ಮಾತ್ರ ನೆನಪಾಗುತ್ತಿತ್ತು.

‘ಡಾಕ್ಟರು ವರದಿ ತೆರೆದೇ ನೋಡದಿದ್ದರೆ?’ ಎಂಬ ಭಯದ ಮುಂದಿನ ಎರಡನೆಯ ಕಲಂ ಬಹಳ ದಿನ ಖಾಲಿ ಇತ್ತು. ಅಲ್ಲಿ ಅವರ ಹೆಸರು ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ಹೊತ್ತು ಬೇಕಾಯಿತು.

ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಗೆ ಐಎಸ್‌ಒ 14971 ಎಂಬ ಮಾನದಂಡವಿದೆ. ಅಪಾಯ ತಗ್ಗಿಸುವ ದಾರಿಗಳಿಗೆ ಅದು ಸಾಲು ಹಾಕಿದೆ: ಮೊದಲು ವಿನ್ಯಾಸದಲ್ಲೇ ಸುರಕ್ಷತೆ, ಅದಾಗದಿದ್ದರೆ ತಡೆ-ರಕ್ಷಣೆ, ಕೊನೆಗೆ ಮಾಹಿತಿ ಮತ್ತು ತರಬೇತಿ. ಒಬ್ಬ ಎಂಜಿನಿಯರ್ ರಾತ್ರಿಯಿಡೀ ಎಚ್ಚರವಿರುವುದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ರೋಗನಿದಾನಕ್ಕೆಂದೇ ಮಾಡಿದ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ಹಾಗಾಗಿ ಹೆಲ್ತ್‌ಕೇರ್ ಸ್ಟಾರ್ಟಪ್ಪಿನಲ್ಲಿ ಇಂಥ ವಹಿ ಇಡುವುದು ಅಂಜುಬುರುಕರ ಚಟವಲ್ಲ, ಕಂಪನಿ ಇಡಬೇಕಾದ ದಾಖಲೆ. ಎರಡು ವಾರದ ವಹಿಯನ್ನು ಅವರು ಹಾಳೆಯಾಗಿ ಮಾಡಿ ತಂಡದ ಸಭೆಗೆ ಒಯ್ದರು. ಭಯ ಕಡಿಮೆಯಾಗಲು ತೊಡಗಿದ್ದು ಅಲ್ಲಿಂದ.

ಫೋನು

ಎರಡು ವಾರ ಬರೆದಿಟ್ಟ ಲೆಕ್ಕದಲ್ಲಿ ರಾತ್ರಿ ಹತ್ತರ ಮೇಲೆ 19 ಕರೆ. ಆ ರಾತ್ರಿಯೇ ನೋಡಬೇಕಾದವು ಮೂರು. ಉಳಿದವು ಪಾಸ್‌ವರ್ಡ್, ಪ್ರಿಂಟರ್, ಲೆಟರ್‌ಹೆಡ್ಡಿನ ಲೋಗೋ, ಬಿಲ್ಲು. ಕಂಪನಿಗೆ ಹೆಲ್ಪ್‌ಲೈನ್ ಇದೆ. ಆದರೆ ಅಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಟಿಕೆಟ್ ನಂಬರ್ ಕೇಳುತ್ತಾರೆ. ಇವರು ‘ನಮ್ಮ ಕಡಿ ಹುಡುಗಿ’, ‘ಅಕ್ಕಾ’ ಎಂದರೆ ಎತ್ತುತ್ತಾರೆ. ಒಬ್ಬರ ಒಳ್ಳೆಯತನ ಕಂಪನಿಯ ಪುಕ್ಕಟೆ ನೈಟ್ ಶಿಫ್ಟ್ ಆಗಿತ್ತು. ಸಣ್ಣ ಊರಿನಿಂದ ಕೆಲಸ ಮಾಡುವವರಲ್ಲಿ ಇದು ಪದೇ ಪದೇ ಕಾಣುತ್ತದೆ.

ಬೇರೆ ಸಿಮ್ ಮತ್ತು ಅಗ್ಗದ ಫೋನ್ ಒಂದನ್ನು ಕಂಪನಿಯ ಖರ್ಚಿನಲ್ಲಿ ತೆಗೆಸಲಾಯಿತು. ಸರದಿ ಯಾರದೋ ಆ ಫೋನಿನ ಕರೆ ಅವರಿಗೆ ತಿರುಗುತ್ತದೆ. ತಪ್ಪು ಸಂಖ್ಯೆ, ತಪ್ಪು ರೋಗಿ, ತುರ್ತು ವಾರ್ಡಿನ ಫಲಿತಾಂಶ ಹೊರಡದಿರುವುದು, ಇವಿಷ್ಟಕ್ಕೆ ಮಾತ್ರ ರಾತ್ರಿ ಎಬ್ಬಿಸಬಹುದು. ಲಿಂಕ್ ಕಡಿದರೆ ಏನು ಮಾಡಬೇಕೆಂಬ ಕನ್ನಡದ ಹಾಳೆಯೊಂದನ್ನು ಪ್ರತಿ ಲ್ಯಾಬಿನ ಗೋಡೆಗೆ ಅಂಟಿಸಲಾಯಿತು: ಯಂತ್ರದ ಪ್ರಿಂಟ್ ತೆಗೆಯಿರಿ, ರಿಜಿಸ್ಟರಿನಲ್ಲಿ ಬರೆಯಿರಿ, ಸಹಿ ಮಾಡಿ ವಾರ್ಡಿಗೆ ಕೊಡಿ, ಬೆಳಿಗ್ಗೆ ಫೋನ್ ಹಚ್ಚಿರಿ. ಕಾಗದದ ದಾರಿ ಗಟ್ಟಿ ಇದ್ದರೆ ಸಾಫ್ಟ್‌ವೇರ್ ನಿಂತದ್ದು ತುರ್ತಲ್ಲ. ಪರದೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವ ರೂಢಿಗೂ ಕಡಿವಾಣ ಬಿತ್ತು. ಅದರಲ್ಲಿ ರೋಗಿಯ ಹೆಸರು, ಕಾಯಿಲೆ ಎಲ್ಲ ಇರುತ್ತವೆ. ಸ್ಯಾಂಪಲ್ ನಂಬರು ಸಾಕು.

ಕಷ್ಟವಾದದ್ದು ಹಿರಿಯ ಡಾಕ್ಟರುಗಳಿಗೆ ‘ನನ್ನ ನಂಬರಿಗೆ ಹಚ್ಚಬೇಡಿ’ ಅನ್ನುವುದು. ಅದಕ್ಕೆ ಮಾತು ಕಟ್ಟಿ ಅಭ್ಯಾಸ ಮಾಡಿಸಲಾಯಿತು: ‘ಸರ್, ನಾ ಒಬ್ಬಾಕಿ ಮ್ಯಾಲ ನಂಬಿ ಕೂಡಬ್ಯಾಡ್ರಿ. ನಾ ಎತ್ತಲಿಲ್ಲಂದ್ರ ಪೇಷಂಟಿಗೆ ತ್ರಾಸ ಆಗ್ತದ. ಈ ನಂಬರಿಗೆ ಹಚ್ರಿ, ಯಾರರೇ ಒಬ್ರು ಎತ್ತೇ ಎತ್ತತಾರ.’ ಇದರಲ್ಲಿ ನಿರಾಕರಣೆ ಇಲ್ಲ, ರೋಗಿಯ ಹಿತ ಇದೆ; ಯಾವ ಡಾಕ್ಟರೂ ಸಿಟ್ಟಾಗಲಿಲ್ಲ.

ನಿದ್ದೆ

ಹಾಸಿಗೆಯಲ್ಲಿ ಎಂಟು ತಾಸು, ನಿದ್ದೆ ಸರಾಸರಿ ನಾಲ್ಕು ತಾಸು ನಲವತ್ತು ನಿಮಿಷ. ಅಂದರೆ ಶೇ 58. ಮಲಗುವ ಹೊತ್ತನ್ನು ರಾತ್ರಿ ಹನ್ನೆರಡೂವರೆಯಿಂದ ಆರಕ್ಕೆ ಇಳಿಸಲಾಯಿತು. ಏಳುವ ಹೊತ್ತು ರವಿವಾರವೂ ಬದಲಾಗಬಾರದು, ಹಗಲು ಮಲಗಬಾರದು. ಇಪ್ಪತ್ತು ನಿಮಿಷಕ್ಕೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಗೆ ಹೋಗಿ ಕೂಡಬೇಕು, ಲ್ಯಾಪ್‌ಟಾಪ್ ಮಾತ್ರ ಮುಟ್ಟಬಾರದು. ವಾರದ ಲೆಕ್ಕ ಶೇ 85 ದಾಟಿದರೆ ಹದಿನೈದು ನಿಮಿಷ ಸೇರಿಸುವುದು. ಮೊದಲ ಎರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಶಹಾಪುರಕ್ಕೆ ಸ್ಕೂಟಿ ಬೇಡ, ಬಸ್ಸು, ಯಾದಗಿರಿಗೆ ರೈಲು. ಮೂರ್ಛೆರೋಗ ಅಥವಾ ಬೈಪೋಲಾರ್ ಇದ್ದವರಿಗೆ ಈ ಕ್ರಮ ಹೇಳಬಾರದು.

ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿ, ರಾತ್ರಿ ಕರೆಂಟೂ ಹೋದರೆ ಈ ಶಾಸ್ತ್ರವೆಲ್ಲ ಕುಸಿಯುತ್ತದೆ. ಮನೆಯವರೆಲ್ಲ ಮಾಳಗಿ ಮೇಲೆ ಮಲಗುವ ವಾಡಿಕೆ ಇತ್ತು, ಇವರು ಮಾತ್ರ ಇನ್‌ವರ್ಟರು, ವೈಫೈ ಇದ್ದ ಕೋಣೆ ಬಿಡುತ್ತಿರಲಿಲ್ಲ. ಸರದಿ ಇಲ್ಲದ ರಾತ್ರಿ ಮಾಳಗಿಗೆ ಹೋಗಲು ಹೇಳಲಾಯಿತು. ನಮ್ಮ ಹಾಳೆಯ ನಿಯಮಗಳಿಗಿಂತ ಅದೇ ಹೆಚ್ಚು ಕೆಲಸ ಮಾಡಿತು ಅನಿಸುತ್ತದೆ.

ತಾಯಿಯನ್ನು ಸಲಹಾರ್ಥಿಯ ಒಪ್ಪಿಗೆಯ ಮೇಲೆ ಒಮ್ಮೆ ಕರೆಸಲಾಯಿತು. ಅವರ ಸಂಕಟ ಬೇರೆಯೇ ಇತ್ತು: ‘ನಡುರಾತ್ರಿ ಯಾರ ಜೋಡಿ ಮಾತಾಡ್ತಾಳ ಅಂತ ಓಣ್ಯಾಗ ಕೇಳ್ತಾರ್ರಿ.’ ಮಗಳ ಫೋನಿನ ಆಚೆ ಇರುವುದು ಆಸ್ಪತ್ರೆಯ ಲ್ಯಾಬು ಎಂಬುದನ್ನು ಮಗಳೇ ಅವ್ವನಿಗೆ ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ‘ನಿದ್ದಿ ಬಂತೇನವಾ?’ ಎಂದು ಕೇಳಬೇಡಿ, ರಾತ್ರಿ ಎಂಟಕ್ಕೆ ಕೆಲಸದಿಂದ ಊಟಕ್ಕೆ ಎಬ್ಬಿಸಿ, ಇಷ್ಟೇ ಅವರಿಗೆ ಹೇಳಿದ್ದು.

ರಾಜೀನಾಮೆ ಕೊಡಲೇ ಎಂಬ ಪ್ರಶ್ನೆಗೆ ಆರು ವಾರದ ನಂತರದ ಒಂದು ತಾರೀಖು ಗುರುತು ಹಾಕಿ, ಅಲ್ಲಿಯವರೆಗೆ ಆ ಚರ್ಚೆ ಬಂದ್ ಮಾಡಲಾಯಿತು. ಅಷ್ಟರಲ್ಲಿ ಷೇರಿನ ಆಯ್ಕೆಪತ್ರ, ಅಂದರೆ ಕಂಪನಿಯ ಷೇರನ್ನು ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕಿನ ಪತ್ರ (ಇಸಾಪ್), ಕೈಗೆ ಪಡೆಯಲು ಹೇಳಿದೆವು. ಅವರಿಗಿದ್ದದ್ದು ಬಾಯಿಮಾತಿನ ಭರವಸೆ ಮಾತ್ರ. ಎಷ್ಟು ಷೇರು, ಕೊಳ್ಳುವ ಬೆಲೆ ಎಷ್ಟು, ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಎಂಬುದು ಬರಹದಲ್ಲಿ ಇರಬೇಕು. ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷವಾಗದೆ ಹಕ್ಕು ಕೂಡಿಬರುವುದಿಲ್ಲ ಎಂಬುದು ಕಂಪನಿ ಕಾನೂನಿನ ನಿಯಮ. ಪತ್ರದ ತಾರೀಖೇ ಇಲ್ಲದವರಿಗೆ ಆ ವರ್ಷದ ಎಣಿಕೆಯೇ ಶುರುವಾಗಿರುವುದಿಲ್ಲ.

ಮುಂದೆ ಆದದ್ದು

ಇಮೇಲಿಗೆ ಮುಖ್ಯಸ್ಥರು ಉತ್ತರಿಸಲಿಲ್ಲ, ವೈದ್ಯಕೀಯ ಸಲಹೆಗಾರರು ಉತ್ತರಿಸಿದರು. 23 ವರದಿಯೂ ತಿದ್ದಿ ಹೋದವು, ಇಬ್ಬರು ರೋಗಿಗಳನ್ನು ಮರುಪರೀಕ್ಷೆಗೆ ಕರೆಸಲಾಯಿತು. ಹೊಸ ಯಂತ್ರಕ್ಕೆ ಇಪ್ಪತ್ತು ಸ್ಯಾಂಪಲ್ಲಿನ ತಾಳೆ ಕಡ್ಡಾಯವಾಯಿತು. ಎರಡನೆಯ ಎಂಜಿನಿಯರ್ ಇನ್ನೂ ಬಂದಿಲ್ಲ; ಬೀದರಿನ ಟ್ರೇನಿ ಒಬ್ಬರು ವಾರ ಬಿಟ್ಟು ವಾರ ಫೋನ್ ಹಿಡಿಯುತ್ತಾರೆ. ಗುರುತು ಹಾಕಿದ ತಾರೀಖು ಬಂದಾಗ ಸಲಹಾರ್ಥಿ ಇನ್ನೂ ಆರು ತಿಂಗಳು ಇರುವುದೆಂದು ತೀರ್ಮಾನಿಸಿದರು. ಮೂರು ತಿಂಗಳ ಕೊನೆಗೆ ಜಿಎಡಿ-7 ಏಳಕ್ಕೆ ಇಳಿದಿತ್ತು.

ಅದು ಇಳಿಯದಿದ್ದರೆ, ಪಿಎಚ್‌ಕ್ಯೂ-9ರ ಒಂಬತ್ತನೆಯ ಉತ್ತರ ಸೊನ್ನೆ ಬಿಟ್ಟು ಬೇರೆ ಆಗಿದ್ದರೆ, ಮಾತಿನ ಜೊತೆ ಮನೋವೈದ್ಯರನ್ನೂ ಕಾಣಬೇಕಾಗುತ್ತಿತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ತಾಲೂಕು ಆಸ್ಪತ್ರೆಗಳಲ್ಲಿ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು.

ಉಳಿದಿರುವುದು ಮಲಗುವ ಮುಂಚೆ ಡ್ಯಾಶ್‌ಬೋರ್ಡ್ ತೆರೆದು ನೋಡುವ ಚಟ. ನೋಡಿದ ಕ್ಷಣ ಹಗುರಾಗುತ್ತದೆ, ಆ ಹಗುರವೇ ಮರುರಾತ್ರಿ ಮತ್ತೆ ನೋಡಿಸುತ್ತದೆ. ಒಮ್ಮೆಲೇ ಬಿಡಿಸದೆ, ನೋಡಬೇಕೆನಿಸಿದ ಮೇಲೆ ಹದಿನೈದು ನಿಮಿಷ ತಡೆದು ನೋಡುವುದು, ಮುಂದಿನ ವಾರ ಅರ್ಧ ತಾಸು, ಆಮೇಲೆ ಸರದಿ ಇಲ್ಲದ ರಾತ್ರಿಗಳಲ್ಲಿ ಪೂರ್ತಿ ಬಿಡುವುದು ಎಂದು ಗೊತ್ತು ಮಾಡಲಾಗಿದೆ. ಸದ್ಯ ಅರ್ಧ ತಾಸಿನ ವಾರ ನಡೆದಿದೆ.